ಒಡೆದ ಓಡು, ಹೊಸ ಮಡಕೆ



ತಿಗರಿಯ ಮೇಲೆ ಮಡಕೆ ಕೆಟ್ಟರೆ ಕುಂಬಾರ ಚಿಂತಿಸುವುದಿಲ್ಲ. ಮುದ್ದೆ ಮಾಡಿ ಮತ್ತೆ ತಿರುಗಿಸುತ್ತಾನೆ. ಒಣಗಿದ ಹಸಿ ಮಡಕೆ ಒಡೆದರೂ ನಷ್ಟವಿಲ್ಲ, ನೆನೆಹಾಕಿದರೆ ಮತ್ತೆ ಮಣ್ಣು. ಆದರೆ ಆವಿಗೆಯಲ್ಲಿ ಬೆಂದ ಮಡಕೆಯ ಕಥೆ ಬೇರೆ. ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಮಣ್ಣಿನ ಕಣದೊಳಗೆ ರಾಸಾಯನಿಕವಾಗಿ ಬೆಸೆದುಕೊಂಡಿದ್ದ ನೀರೂ ಹೊರಟುಹೋಗುತ್ತದೆ. ಆಮೇಲೆ ಅದು ಜೇಡಿಮಣ್ಣಾಗಿ ಉಳಿಯುವುದಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದಾಗ 2,000 ವರ್ಷಕ್ಕೂ ಹಿಂದಿನ ಮಡಕೆಚೂರುಗಳು ಕರಗದೆ ಕೈಗೆ ಸಿಕ್ಕಿದ್ದು ಇದರಿಂದಲೇ. ಪುರಾತತ್ವಜ್ಞರಿಗೆ ಇದೊಂದು ವರ. ಕಸ ಸುರಿಯಲು ಜಾಗ ಹುಡುಕುವ ನಗರಸಭೆಗೆ ಮಾತ್ರ ಅಲ್ಲ.

ಹಾಗಾದರೆ ಒಡೆದದ್ದರಿಂದ ಹೊಸ ಮಡಕೆ ಹೇಗೆ? ಓಡು ಮತ್ತೆ ಮಣ್ಣಾಗದು, ಆದರೆ ಮಣ್ಣಿಗೆ ಜೊತೆಯಾಗಬಲ್ಲದು. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ. ಒಂದೇ ಸಮನಾಗಿ ಕುಗ್ಗದಿದ್ದರೆ ಬಿರುಕು ಬಿಡುತ್ತದೆ. ಓಡನ್ನು ಕುಟ್ಟಿ ಪುಡಿಮಾಡಿ ಬೆರೆಸಿದರೆ, ಒಮ್ಮೆ ಬೆಂಕಿ ಕಂಡ ಆ ಕಣಗಳು ಹಾಗೆ ಕುಗ್ಗುವುದಿಲ್ಲ. ತೇವ ಹೊರಬರಲೂ ದಾರಿ ಬಿಡುತ್ತವೆ. ಮರಳನ್ನೋ ಹೊಟ್ಟನ್ನೋ ಬೆರೆಸುವುದೂ ಇಂಥದೇ ಉಪಾಯ. ಇಂಗ್ಲೆಂಡಿನಲ್ಲಿ ಸಿಕ್ಕಿರುವ, ಸುಮಾರು 4,000 ವರ್ಷ ಹಿಂದಿನ ಕಂಚುಯುಗದ ಮಡಕೆಗಳಲ್ಲಿ ಇನ್ನೂ ಹಳೆಯ ಮಡಕೆಗಳ ಪುಡಿಯಿದೆ. ಕೆಲವೆಡೆ ಆ ಪುಡಿಯ ಕಣದೊಳಗೂ ಅದಕ್ಕಿಂತ ಹಳೆಯದೊಂದರ ಪುಡಿ. ಮೊಮ್ಮಗಳ ಗಡಿಗೆಯೊಳಗೆ ಅಜ್ಜಿಯ ಗಡಿಗೆ! ಸುಟ್ಟ ಮಣ್ಣಿನ ಪುಡಿ ನಮಗೂ ಹೊಸದೇನಲ್ಲ. ಕನ್ನಂಬಾಡಿ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುರ್ಕಿ ಗಾರೆಯೇ.

ಪಿಂಗಾಣಿಯ ವಿಷಯದಲ್ಲಿ ಇದನ್ನು ದೊಡ್ಡದಾಗಿ ಕೈಗೆತ್ತಿಕೊಂಡವರು ಜಪಾನಿನ ಗಿಫು ಪ್ರಾಂತ್ಯದ ಮಿನೊ ಸೀಮೆಯವರು. ಜಪಾನ್ ಎಂದೊಡನೆ ಬಿರುಕಿಗೆ ಚಿನ್ನ ತುಂಬುವ ಕಲೆ ನಮಗೆ ನೆನಪಾಗುತ್ತದೆ. ಅದು ಪ್ರೀತಿಯ ಒಂದು ಬಟ್ಟಲಿಗೆ ಸರಿ, ಹೋಟೆಲಿನ ಸಾವಿರ ಕಪ್ಪುಗಳಿಗೆ ನಡೆಯದು. ಆ ದೇಶದ ಪಿಂಗಾಣಿ ತಟ್ಟೆ–ಬಟ್ಟಲುಗಳಲ್ಲಿ ಸುಮಾರು ಅರ್ಧ ತಯಾರಾಗುವುದು ಮಿನೊದಲ್ಲಿ. ಒಳ್ಳೆಯ ಮಣ್ಣು ಮುಗಿಯುತ್ತ ಬಂದೀತೆಂಬ ಆತಂಕವೂ ಅಲ್ಲಿನವರದೇ. 1997ರಲ್ಲಿ ಅಲ್ಲಿನ ಕಾರ್ಖಾನೆಗಳೂ ಸಂಶೋಧಕರೂ ಸೇರಿ 'ಗ್ರೀನ್ ಲೈಫ್ 21' ಎಂಬ ಯೋಜನೆ ಹೂಡಿದರು. ಬಳಸಿ ಬಿಟ್ಟ ಪಾತ್ರೆಗಳನ್ನು ಸಂಗ್ರಹಿಸಿ, ನುಣ್ಣಗೆ ಅರೆದು, ಹೊಸ ಮಣ್ಣಿಗೆ ಶೇಕಡ 20ರಷ್ಟು ಸೇರಿಸಿ ಮತ್ತೆ ಪಾತ್ರೆ ಮಾಡಿದರು.

ಕೇಳಲು ಸುಲಭ, ಮಾಡಲು ಅಲ್ಲ. ಪಿಂಗಾಣಿ 1,200 ಡಿಗ್ರಿಗೂ ಮೇಲೆ ಬೆಂದು ಗಾಜಿನಂತೆ ಬಿಗಿದಿರುತ್ತದೆ; ಅರೆಯುವ ಖರ್ಚು ಕಡಿಮೆಯಲ್ಲ. ಹಳೆಯ ಬಣ್ಣಗಳಲ್ಲಿ ಸೀಸವಿರಬಹುದು, ಆದ್ದರಿಂದ ಆರಿಸಬೇಕು. ಪುಡಿ ಹೆಚ್ಚಾದರೆ ಮಣ್ಣು ಅಂಟು ಕಳೆದುಕೊಂಡು ತಿಗರಿಗೆ ಒಗ್ಗುವುದಿಲ್ಲ.

ನಮ್ಮ ಕೆಂಪು ಮಡಕೆಗೆ ಇಷ್ಟು ತೊಡಕಿಲ್ಲ. ಕಡಿಮೆ ಶಾಖದಲ್ಲಿ ಬೆಂದದ್ದು, ಒನಕೆಗೂ ಬಗ್ಗುತ್ತದೆ. ಕೆರೆಯ ಜೇಡಿ ಸಿಗುವುದೇ ಕಷ್ಟವಾಗಿದೆ ಎಂದು ಕುಂಬಾರರು ಹೇಳುವುದನ್ನು ನೀವೂ ಕೇಳಿರುತ್ತೀರಿ. ಆವಿಗೆಯ ಬದಿಯಲ್ಲಿ ರಾಶಿ ಬಿದ್ದ ಓಡನ್ನು ಕುಟ್ಟಿ, ಜರಡಿ ಹಿಡಿದು, ಹತ್ತು ಪಾಲು ಮಣ್ಣಿಗೆ ಒಂದು ಪಾಲು ಬೆರೆಸಿ ನೋಡಬಹುದು. ದಪ್ಪ ಕಣ ಉಳಿದರೆ ಅಂಗೈ ತರಚುತ್ತದೆ. ಜರಡಿ ಸಣ್ಣ ಕಣ್ಣಿನದಿರಲಿ.