ಗ್ಯಾಸ್ ಗೀಸರ್ ತೆಗೆದು ಹೀಟ್ ಪಂಪ್ ಹಾಕಬೇಕಾ? ಮಹಾಪೆಯಿಂದ ಒಂದು ಲೆಕ್ಕ

ಇವತ್ತಿನ ವಿಷಯ ಬಿಸಿನೀರು. ಕೇಳೋದಕ್ಕೆ ಸಣ್ಣ ವಿಷಯ. ಆದರೆ ಮನೆಯ ಖರ್ಚು, ಮನೆಯವರ ಜೀವ, ಊರಿನ ಗಾಳಿ, ಮೂರೂ ಇದರಲ್ಲಿ ಸೇರಿಕೊಂಡಿವೆ.

ನಾನು ಮಹಾಪೆ ಎಂಐಡಿಸಿಯಲ್ಲಿ ಕೆಲಸ ಮಾಡೋನು. ಕಾರ್ಖಾನೆಯ ಬಾಯ್ಲರ್, ಚಿಲ್ಲರ್, ಪಂಪು, ಕಂಪ್ರೆಸರ್ ನೋಡಿಕೊಳ್ಳೋದು ನನ್ನ ಕಸುಬು. ಹಾಗಾಗಿ ನೆಂಟರು, ಸೊಸೈಟಿಯವರು, ಹೋಟೆಲ್ ನಡೆಸೋ ಊರಿನವರು ಎಲ್ಲ ಒಂದೇ ಪ್ರಶ್ನೆ ಕೇಳ್ತಾರೆ: "ಹೀಟ್ ಪಂಪ್ ಅಂತ ಬಂದಿದೆಯಲ್ಲ, ಹಾಕಿಸೋದಾ?" ಟೊರೊಂಟೋದಲ್ಲಿರೋ ಅಕ್ಕನ ಮಗನೂ ಕೇಳಿದ, "ಮಾವ, ಇಲ್ಲಿ ಗ್ಯಾಸ್ ಫರ್ನೆಸ್ ತೆಗೆದು ಹೀಟ್ ಪಂಪ್ ಹಾಕಿ ಅಂತಿದ್ದಾರೆ, ನೀವೇನಂತೀರಿ?" ಅಂತ. ಅವನ ಪ್ರಶ್ನೆ ಮನೆ ಬೆಚ್ಚಗೆ ಮಾಡೋದು. ಹೊರಗೆ ಮೈನಸ್ ಇಪ್ಪತ್ತು ಇದ್ದಾಗ ಆ ಯಂತ್ರ ಎಷ್ಟು ದುಡಿಯುತ್ತೆ ಅನ್ನೋದು ಅಲ್ಲಿನ ಚಿಂತೆ. ನಮಗೆ ಮನೆ ಬೆಚ್ಚಗೆ ಮಾಡೋ ಅಗತ್ಯವೇ ಇಲ್ಲ, ಥಾಣೆ ಖಾಡಿಯ ಗಾಳಿಯೇ ಸಾಕು. ನಮ್ಮ ಪ್ರಶ್ನೆ ಸ್ನಾನದ ನೀರು, ಪಾತ್ರೆ ತೊಳೆಯೋ ನೀರು. ಅದನ್ನೇ ಲೆಕ್ಕ ಹಾಕೋಣ.

ಮೊದಲು ಯಂತ್ರ ಏನು ಅಂತ ತಿಳಿಯೋಣ. ನಿಮ್ಮ ಮನೆಯ ಫ್ರಿಜ್ಜಿನ ಹಿಂದೆ ಕೈಯಿಟ್ಟು ನೋಡಿ, ಬಿಸಿ ಇರುತ್ತೆ. ಒಳಗಿನ ಶಾಖವನ್ನು ಎತ್ತಿ ಹಿಂದಕ್ಕೆ ಹಾಕ್ತಾ ಇರುತ್ತೆ ಅದು. ಹೀಟ್ ಪಂಪ್ ಮಾಡೋದೂ ಇದೇ ಕೆಲಸ. ಹೊರಗಿನ ಗಾಳಿಯ ಶಾಖವನ್ನು ಎತ್ತಿ ಟ್ಯಾಂಕಿನ ನೀರಿಗೆ ಹಾಕುತ್ತೆ. ಶಾಖವನ್ನು ಹುಟ್ಟಿಸೋದಿಲ್ಲ, ಹೊರುತ್ತೆ, ಅಷ್ಟೆ. ಹುಟ್ಟಿಸೋದಕ್ಕಿಂತ ಹೊರೋದಕ್ಕೆ ಕರೆಂಟ್ ಕಡಿಮೆ ಸಾಕು. ಒಂದು ಯೂನಿಟ್ ಕರೆಂಟ್ ಕೊಟ್ಟರೆ ಸುಮಾರು ಮೂರು ಯೂನಿಟ್ ಶಾಖ ನೀರಿಗೆ ಸೇರುತ್ತೆ. ಈ ಮೂರು ಅನ್ನೋ ಸಂಖ್ಯೆಗೇ ಸಿಒಪಿ ಅಂತ ಹೆಸರು. ಇದು ಹೊಸ ವಿಚಾರ ಏನಲ್ಲ. 1852ರಲ್ಲೇ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಅನ್ನಿಸಿಕೊಂಡವರು, ಹೀಗೆ ಶಾಖ ಹೊರಬಹುದು ಅಂತ ಬರೆದಿದ್ದರು. ಜಪಾನಿನಲ್ಲಿ ಸ್ನಾನದ ನೀರಿಗೇ ಅಂತ ಮಾಡಿದ ಇಕೋಕ್ಯೂಟ್ ಯಂತ್ರ 2001ರಿಂದ ಮಾರಾಟದಲ್ಲಿದೆ.

ನಮ್ಮ ಊರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಗಾಳಿ ಬಿಸಿ ಇದ್ದಷ್ಟೂ ಹೊರೋ ಕೆಲಸ ಸುಲಭ. ಜನವರಿಯ ಬೆಳಗಿನ ಜಾವದಲ್ಲೂ ನವಿ ಮುಂಬಯಿಯ ಗಾಳಿಯಲ್ಲಿ ಎತ್ತೋದಕ್ಕೆ ಬೇಕಾದಷ್ಟು ಶಾಖ ಇರುತ್ತೆ. ಜೊತೆಗೆ ನಮ್ಮ ಗಾಳಿಯಲ್ಲಿ ತೇವ ಜಾಸ್ತಿ. ಆ ತೇವ ಯಂತ್ರದ ಕಾಯಿಲ್ ಮೇಲೆ ನೀರಾಗುವಾಗ ತನ್ನ ಶಾಖವನ್ನೂ ಬಿಟ್ಟುಕೊಡುತ್ತೆ. ನಮ್ಮನ್ನು ಬೆವರಿಸೋ ಗಾಳಿ ಈ ಯಂತ್ರಕ್ಕೆ ಊಟ.

ಹಾಗಾದರೆ ಎಲ್ಲರೂ ಹಾಕಿಸಿಬಿಡೋಣವಾ? ಸ್ವಲ್ಪ ತಾಳಿ. ಪೆನ್ನು ತಗೊಳ್ಳಿ.

ನೆನಪಿಡಬೇಕಾದ್ದು ಒಂದೇ ಸಂಖ್ಯೆ: 860. ಒಂದು ಯೂನಿಟ್ ಶಾಖದಿಂದ 860 ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗುತ್ತೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 120 ಲೀಟರ್ ಸ್ನಾನದ ನೀರು ಅನ್ನೋಣ. ನಲ್ಲಿಯಲ್ಲಿ 25 ಡಿಗ್ರಿ, ಬಕೆಟ್ಟಿನಲ್ಲಿ 42 ಡಿಗ್ರಿ. ಹದಿನೇಳು ಡಿಗ್ರಿ ಏರಿಸಬೇಕು. 120ನ್ನು 17ರಿಂದ ಗುಣಿಸಿ, 860ರಿಂದ ಭಾಗಿಸಿ. ಸುಮಾರು 2.4 ಯೂನಿಟ್ ಆಯ್ತು. ತಿಂಗಳಿಗೆ 71 ಯೂನಿಟ್ ಶಾಖ.

ಈಗ ಈ ಶಾಖದ ಬೆಲೆ. ಪೈಪ್ ಗ್ಯಾಸಿನ ಒಂದು ಘನ ಮೀಟರ್ ಉರಿದರೆ ಸುಮಾರು ಹತ್ತೂವರೆ ಯೂನಿಟ್ ಶಾಖ. ಗೀಸರಿನಲ್ಲಿ ಸ್ವಲ್ಪ ಹೊಗೆಯ ಜೊತೆ ಹೋಗುತ್ತೆ, ನೀರಿಗೆ ಸೇರೋದು ಎಂಟೂವರೆ ಹತ್ತಿರ. ಘನ ಮೀಟರಿಗೆ 50 ರೂಪಾಯಿ ಅಂತ ಲೆಕ್ಕಕ್ಕೆ ಹಿಡಿದರೆ, ಒಂದು ಯೂನಿಟ್ ಶಾಖಕ್ಕೆ ಆರು ರೂಪಾಯಿ.

ಕರೆಂಟಿನ ದರ ಹಿಡಿಯುವಾಗ ಒಂದು ಎಚ್ಚರ. ಮಹಾವಿತರಣದ ಬಿಲ್ಲಿನಲ್ಲಿ 100, 300, 500 ಯೂನಿಟ್ ಅಂತ ಮೆಟ್ಟಿಲುಗಳಿವೆ. ಬಿಲ್ಲಿನ ಮೊತ್ತವನ್ನು ಯೂನಿಟ್‌ನಿಂದ ಭಾಗಿಸಿ ಸರಾಸರಿ ತೆಗೆಯೋದು ಇಲ್ಲಿ ಸರಿಯಾಗೋದಿಲ್ಲ. ಹೊಸದಾಗಿ ಸೇರೋ ಯೂನಿಟ್ ನಿಮ್ಮ ಕೊನೆಯ ಮೆಟ್ಟಿಲಿನಲ್ಲೇ ಕೂರುತ್ತೆ, ಆ ಮೆಟ್ಟಿಲಿನ ದರವನ್ನೇ ಹಿಡಿಯಬೇಕು. ಎಲ್ಲ ಸೇರಿ 12 ರೂಪಾಯಿ ಅಂತ ಇಟ್ಟುಕೊಳ್ಳೋಣ. ಮಾಮೂಲಿ ಕರೆಂಟ್ ಗೀಸರಿನಲ್ಲಿ ಟ್ಯಾಂಕ್ ತಣಿಯೋ ನಷ್ಟ ಸೇರಿಸಿ ಯೂನಿಟ್ ಶಾಖಕ್ಕೆ 13 ರೂಪಾಯಿ. ಹೀಟ್ ಪಂಪಿನಲ್ಲಿ ಹನ್ನೆರಡನ್ನು ಮೂರರಿಂದ ಭಾಗಿಸಿ, ನಾಲ್ಕು ರೂಪಾಯಿ.

ತಿಂಗಳ ಲೆಕ್ಕ: ಗ್ಯಾಸ್ ಗೀಸರ್ ಸುಮಾರು 425 ರೂಪಾಯಿ. ಕರೆಂಟ್ ಗೀಸರ್ 925. ಹೀಟ್ ಪಂಪ್ 285, ಟ್ಯಾಂಕಿನ ನಷ್ಟ ಸೇರಿಸಿದರೆ 325.

ಈಗ ನೋಡಿ. ನಿಮ್ಮ ಮನೆಯಲ್ಲಿ ಈಗಾಗಲೇ ಪೈಪ್ ಗ್ಯಾಸಿನ ಗೀಸರ್ ಇದ್ದರೆ ಹೀಟ್ ಪಂಪಿನಿಂದ ಉಳಿಯೋದು ತಿಂಗಳಿಗೆ ನೂರು ರೂಪಾಯಿ. ಯಂತ್ರ, ಟ್ಯಾಂಕ್, ಪ್ಲಂಬರ್ ಎಲ್ಲ ಸೇರಿ 80,000 ರೂಪಾಯಿ ಕೊಟೇಶನ್ ಬಂತು ಅನ್ನಿ. ಅದು ತೀರೋ ಹೊತ್ತಿಗೆ ಅರವತ್ತು ವರ್ಷ ದಾಟುತ್ತೆ, ಯಂತ್ರ ಅಷ್ಟು ದಿನ ಬಾಳೋದಿಲ್ಲ. ಕರೆಂಟ್ ಗೀಸರ್ ಇರೋ ಮನೆಯಲ್ಲಾದರೆ ತಿಂಗಳಿಗೆ 600 ರೂಪಾಯಿ ಉಳಿಯುತ್ತೆ, ಹನ್ನೊಂದು ವರ್ಷದಲ್ಲಿ ತೀರುತ್ತೆ. ಆರೇಳು ಜನರ ಕೂಡು ಕುಟುಂಬ ಆದರೆ ಇನ್ನೂ ಬೇಗ. ದರ ಬದಲಾದರೆ ಉತ್ತರವೂ ಬದಲಾಗುತ್ತೆ, ಅದಕ್ಕೇ ಲೆಕ್ಕದ ದಾರಿ ಹೇಳಿದ್ದು. ನಿಮ್ಮ ಬಿಲ್ಲಿನ ಸಂಖ್ಯೆ ಹಾಕಿ ನೋಡಿ.

"ಪರಿಸರಕ್ಕಾದರೂ ಒಳ್ಳೆಯದಲ್ವಾ?" ಅಂತ ಕೇಳ್ತಾರೆ. ಅದನ್ನೂ ಲೆಕ್ಕ ಹಾಕಿದ್ದೇನೆ. ನಮ್ಮ ದೇಶದ ಕರೆಂಟು ಇನ್ನೂ ಹೆಚ್ಚಾಗಿ ಕಲ್ಲಿದ್ದಲಿನದು. ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್. ಹೀಟ್ ಪಂಪಿನಲ್ಲಿ ಮೂರರಿಂದ ಭಾಗಿಸಿದರೆ ಯೂನಿಟ್ ಶಾಖಕ್ಕೆ 0.23 ಕಿಲೋ. ಗ್ಯಾಸ್ ಗೀಸರಿನಲ್ಲಿ? ಅದೂ ಹೆಚ್ಚುಕಡಿಮೆ 0.23. ಇಬ್ಬರೂ ಸಮ. ಕರೆಂಟ್ ಗೀಸರಿನದು ಮಾತ್ರ ಮೂರು ಪಟ್ಟಿಗೂ ಮೇಲೆ. ಬಿಲ್ಡಿಂಗ್ ಮೇಲೆ ಸೋಲಾರ್ ಹಾಕಿ ಹಗಲಲ್ಲಿ ನೀರು ಕಾಯಿಸಿಟ್ಟುಕೊಂಡರೆ ಹೀಟ್ ಪಂಪ್ ಗೆಲ್ಲುತ್ತೆ. ಸ್ಮಾರ್ಟ್ ಮೀಟರಿನಲ್ಲಿ ಹಗಲಿನ ಯೂನಿಟ್‌ಗೆ ರಿಯಾಯಿತಿ ಸಿಗೋ ಕಡೆಯೂ ಹಾಗೇ. ಗ್ರಿಡ್ ಸ್ವಚ್ಛವಾದಷ್ಟೂ ಅದರ ಲೆಕ್ಕ ತಾನಾಗಿ ಸುಧಾರಿಸುತ್ತೆ, ಗ್ಯಾಸಿನದು ಸುಧಾರಿಸೋದಿಲ್ಲ.

ಇಷ್ಟೂ ದುಡ್ಡಿನ ಮಾತು. ಇನ್ನು ಜೀವದ ಮಾತು. ದಯವಿಟ್ಟು ಈ ಭಾಗವನ್ನು ಓಡಿಸಬೇಡಿ.

ಮಹಾಪೆಯಲ್ಲಿ ಮಹಾನಗರ ಗ್ಯಾಸಿನ ಸಿಟಿ ಗೇಟ್ ಸ್ಟೇಷನ್ ಇದೆ. ದೊಡ್ಡ ಪೈಪಿನಲ್ಲಿ ಬರೋ ಗ್ಯಾಸಿನ ಒತ್ತಡ ಇಳಿಸಿ ಊರಿಗೆ ಕಳಿಸೋ ಬಾಗಿಲು ಅದು. ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಮರ್‌ಕ್ಯಾಪ್ಟನ್ ಅನ್ನೋ ಕೆಟ್ಟ ವಾಸನೆಯ ವಸ್ತು ಬೆರೆಸಿಯೇ ಮನೆಗಳಿಗೆ ಕೊಡ್ತಾರೆ. ಆದ್ದರಿಂದ ಜನ ಅಂದುಕೊಳ್ತಾರೆ, ವಾಸನೆ ಇಲ್ಲ ಅಂದರೆ ಅಪಾಯ ಇಲ್ಲ ಅಂತ. ಬಚ್ಚಲು ಮನೆಯಲ್ಲಿ ಇದು ನಿಜವಲ್ಲ. ಬಾಗಿಲು ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಗೀಸರ್ ಉರಿದರೆ ಆಮ್ಲಜನಕ ಇಳಿಯುತ್ತಾ ಹೋಗುತ್ತೆ, ಗ್ಯಾಸ್ ಅರೆಬರೆ ಉರಿಯುತ್ತೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬೆರೆಸಿದ ವಾಸನೆಯ ವಸ್ತು ಆಗಲೇ ಉರಿದುಹೋಗಿರುತ್ತೆ. ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಕೈಕಾಲಿಗೆ ಶಕ್ತಿ ಇಲ್ಲ. ಚಿಲಕ ತೆಗೆಯೋಕೂ ಆಗೋದಿಲ್ಲ. ಕರ್ನಾಟಕದ ಪತ್ರಿಕೆಗಳಲ್ಲೂ ಇಲ್ಲಿನ ಪತ್ರಿಕೆಗಳಲ್ಲೂ ಇಂಥ ಸಾವಿನ ಸುದ್ದಿ ಮತ್ತೆ ಮತ್ತೆ ಬಂದಿದೆ.

ನಮ್ಮ ಮನೆಯಲ್ಲಿ ಅಮ್ಮನಿಗೆ 76 ವರ್ಷ. ಕುಂದಾಪುರದ ಕಡೆಯವರು. ಹಂಡೆಯ ಸುಡುನೀರಿನಲ್ಲಿ ಬೆಳೆದ ಮೈ. ಸ್ನಾನಕ್ಕೆ ಹೋದರೆ ಅರ್ಧ ಗಂಟೆ, ಗಾಳಿ ತಾಗುತ್ತೆ ಅಂತ ಮೇಲಿನ ಕಿಂಡಿಯನ್ನೂ ಮುಚ್ಚಿಕೊಳ್ಳೋರು. ಫ್ಲ್ಯಾಟು ಕೊಂಡಾಗಲೇ ಹಳೆಯ ಮಾಲೀಕರು ಗ್ಯಾಸ್ ಗೀಸರನ್ನು ಅದೇ ಬಾತ್‌ರೂಮಿನ ಗೋಡೆಗೆ ಹಾಕಿಸಿದ್ದರು. "ಕಿಂಡಿ ಮುಚ್ಚಬೇಡ ಅಮ್ಮ" ಅಂದರೆ "ನಂಗೇನೂ ಆಪ್ದಿಲ್ಲ ಮಗಾ" ಅಂತಾರೆ. ಅವರ ಅಭ್ಯಾಸ ಬದಲಿಸೋಕಿಂತ ಗೋಡೆ ಬದಲಿಸೋದು ಸುಲಭ ಅನ್ನಿಸಿತು.

ನಾವು ಮನೆಯಲ್ಲಿ ಕೂತು ತೀರ್ಮಾನ ಮಾಡಿದ್ದು ಹೀಗೆ. ಹೀಟ್ ಪಂಪ್ ಬೇಡ. ಕಾರಣ ದುಡ್ಡು ಒಂದೇ ಅಲ್ಲ. 200 ಲೀಟರಿನ ಟ್ಯಾಂಕ್ ಅಂದರೆ ನೀರಿನ ತೂಕವೇ 200 ಕಿಲೋ, ನಮ್ಮ ಬಾಲ್ಕನಿಯಲ್ಲಿ ಅದಕ್ಕೆ ಜಾಗ ಇಲ್ಲ. ಗ್ಯಾಸ್ ಗೀಸರನ್ನು ಪರವಾನಗಿ ಇರೋ ಫಿಟ್ಟರ್ ಕೈಯಲ್ಲಿ ತೆರೆದ ಗಾಳಿಯ ಡ್ರೈ ಬಾಲ್ಕನಿಗೆ ಸಾಗಿಸಿದೆವು. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರುತ್ತೆ, ಬೆಂಕಿ ಹೊರಗೇ. ಅಮ್ಮನ ಬಾತ್‌ರೂಮಿಗೆ ಅಷ್ಟು ದೂರ ಪೈಪ್ ಎಳೆಯೋಕೆ ಆಗಲಿಲ್ಲ, ಅಲ್ಲಿಗೆ ಒಂದು ಸಣ್ಣ ಕರೆಂಟ್ ಗೀಸರ್. ಅವರ 40 ಲೀಟರ್ ನೀರಿಗೆ ಗ್ಯಾಸಿಗಿಂತ ದಿನಕ್ಕೆ ಆರು ರೂಪಾಯಿ ಜಾಸ್ತಿ, ತಿಂಗಳಿಗೆ 180 ರೂಪಾಯಿ. ಆ 180 ರೂಪಾಯಿಯನ್ನು ನಾನು ಕರೆಂಟ್ ಬಿಲ್ಲಿನಲ್ಲಿ ಹಿಡಿಯೋದಿಲ್ಲ, ಔಷಧಿ ಖರ್ಚಿನಲ್ಲಿ ಹಿಡಿಯುತ್ತೇನೆ.

ಹಾಗಾದರೆ ಹೀಟ್ ಪಂಪ್ ಯಾರಿಗೆ? ನನ್ನ ಉತ್ತರ, ಹೋಟೆಲಿನವರಿಗೆ, ಕ್ಯಾಂಟೀನಿನವರಿಗೆ, ಹಾಸ್ಟೆಲ್, ಆಸ್ಪತ್ರೆಗಳಿಗೆ. ದಿನವಿಡೀ ಬಿಸಿನೀರು ಬೇಕಾದ ಕಡೆ.

ಮಹಾಪೆ ಸುತ್ತ ನಮ್ಮವರ ಉಡುಪಿ ಹೋಟೆಲುಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಪಾತ್ರೆ ತೊಳೆಯೋಕೆ, ಹಿಟ್ಟಿನ ಗ್ರೈಂಡರ್ ತೊಳೆಯೋಕೆ ದಿನಕ್ಕೆ 2,000 ಲೀಟರ್ ನೀರನ್ನು 27ರಿಂದ 55 ಡಿಗ್ರಿಗೆ ಏರಿಸೋ ಹೋಟೆಲ್ ಅಂತ ಇಟ್ಟುಕೊಳ್ಳಿ. ನಮ್ಮ 860ರ ಲೆಕ್ಕದಲ್ಲಿ 65 ಯೂನಿಟ್ ಶಾಖ. ಒಂದು ಕಿಲೋ ಎಲ್‌ಪಿಜಿಯಿಂದ ನೀರಿಗೆ ಸೇರೋದು ಸುಮಾರು 10 ಯೂನಿಟ್. ದಿನಕ್ಕೆ ಆರೂವರೆ ಕಿಲೋ, ತಿಂಗಳಿಗೆ 19 ಕಿಲೋದ ಹತ್ತು ಸಿಲಿಂಡರ್. ಸಿಲಿಂಡರಿಗೆ 1,700 ರೂಪಾಯಿ ಹಿಡಿದರೆ 17,000ಕ್ಕೂ ಮೇಲೆ. ಹೀಟ್ ಪಂಪಿಗೆ ತಿಂಗಳಿಗೆ 650 ಯೂನಿಟ್ ಕರೆಂಟ್, ವ್ಯಾಪಾರದ ದರ 14 ರೂಪಾಯಿ ಅಂದರೂ 9,100. ತಿಂಗಳಿಗೆ 8,000 ಉಳಿತಾಯ. ನಾಲ್ಕು ಲಕ್ಷದ ಯಂತ್ರ ಆದರೆ ನಾಲ್ಕು ವರ್ಷದ ಆಸುಪಾಸಿನಲ್ಲಿ ತೀರಿತು.

ಇನ್ನೊಂದು ಲಾಭ ಕೊಟೇಶನ್ನಿನಲ್ಲಿ ಬರೆದಿರೋದಿಲ್ಲ. ಈ ಯಂತ್ರ ಗಾಳಿಯಿಂದ ಶಾಖ ತೆಗೆಯುತ್ತೆ ಅಂದೆನಲ್ಲ, ಹೊರಗೆ ಬಿಡೋದು ತಣ್ಣನೆ ಗಾಳಿ. ಮೇಲಿನ ಹೋಟೆಲಿನಲ್ಲಿ ದಿನಕ್ಕೆ 43 ಯೂನಿಟ್ ಶಾಖ ಗಾಳಿಯಿಂದ ಹೋಗುತ್ತೆ. ಒಂದು ಟನ್ ಎ.ಸಿ. ಹನ್ನೆರಡು ಗಂಟೆ ಓಡಿದಷ್ಟು ತಂಪು. ಅದನ್ನು ಡಕ್ಟಿನಲ್ಲಿ ತವೆಯ ಮುಂದೆ, ಪಾತ್ರೆ ತೊಳೆಯೋ ಜಾಗದಲ್ಲಿ ಬಿಡಿ. ಮೇ ತಿಂಗಳಲ್ಲಿ ದೋಸೆ ತವೆ ಎದುರು ನಿಂತ ಹುಡುಗನಿಗೆ ಆ ಗಾಳಿಯ ಬೆಲೆ ಏನು ಅಂತ ಕೇಳಿ. ಆದರೆ ಅಡುಗೆಮನೆಯ ಎಣ್ಣೆ ಜಿಡ್ಡು ಕಾಯಿಲಿಗೆ ಹತ್ತಬಾರದು. ಯಂತ್ರ ಹೊರಗಿಡಿ, ಫಿಲ್ಟರ್ ಹಾಕಿ, ವಾರಕ್ಕೊಮ್ಮೆ ತೊಳೆಯಿರಿ.

ಕೊಳ್ಳೋ ಮೊದಲು ಮಾರುವವರನ್ನು ಕೇಳಬೇಕಾದ ಕೆಲವು ಪ್ರಶ್ನೆ. ಸಿಒಪಿ 4 ಅಂತೀರಲ್ಲ, ಎಷ್ಟು ಡಿಗ್ರಿ ನೀರಿಗೆ? 40ಕ್ಕೆ ಸಿಗೋ ಸಂಖ್ಯೆ 55ಕ್ಕೆ ಸಿಗೋದಿಲ್ಲ. ಕಾಯಿಲಿಗೆ ಉಪ್ಪು ಗಾಳಿ ತಡೆಯೋ ಲೇಪ ಇದೆಯಾ? ಟ್ಯಾಂಕರ್ ಅಥವಾ ಬೋರ್‌ವೆಲ್ಲಿನ ಗಡಸು ನೀರು ಬಂದರೆ ಪದರ ಕಟ್ಟುತ್ತಲ್ಲ, ತೊಳೆಯೋರು ಯಾರು? ಟ್ಯಾಂಕಿನಲ್ಲಿ ಲೀಜಿಯೊನೆಲ್ಲ ಅನ್ನೋ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ಆಗಾಗ 60 ಡಿಗ್ರಿಗೆ ಏರಿಸೋ ವ್ಯವಸ್ಥೆ ಇದೆಯಾ? ಸರ್ವಿಸ್ ಮಾಡೋ ಹುಡುಗ ನವಿ ಮುಂಬಯಿಯಲ್ಲೇ ಇದ್ದಾನಾ? ಕೆಟ್ಟ ದಿನ ಬಿಸಿನೀರಿಗೆ ಬೇರೆ ದಾರಿ ಏನು?

ಕೊನೆಯ ಮಾತು. ಹೀಟ್ ಪಂಪ್ ಹಾಕಿಸೋದು ಬಿಡೋದು ಮುಂದಿನ ವರ್ಷವೂ ಯೋಚಿಸಬಹುದು, ಬೆಲೆಗಳು ಬದಲಾಗುತ್ತಿರುತ್ತವೆ. ಆದರೆ ಬಾತ್‌ರೂಮಿನ ಒಳಗೆ ಗ್ಯಾಸ್ ಗೀಸರ್ ಇರೋರು ಮುಂದಿನ ವರ್ಷದ ತನಕ ಕಾಯಬೇಡಿ. ಈ ಭಾನುವಾರವೇ ಫಿಟ್ಟರಿಗೆ ಫೋನ್ ಮಾಡಿ. ಅವರು ಬರೋ ತನಕ ಮೊದಲು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆಗೆದು ಸ್ವಲ್ಪ ಗಾಳಿ ಆಡಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಊರಲ್ಲಿರೋ ಅಪ್ಪ ಅಮ್ಮನಿಗೂ ಹೇಳಿ.

ನಿಮ್ಮ ಬಿಲ್ಲಿನ ಲೆಕ್ಕ ಏನು ಬಂತು ಅಂತ ಬರೆದು ತಿಳಿಸಿ.