ಮೇಣದಬತ್ತಿ ಮತ್ತು ಏಳನೆಯ ತರಗತಿ

(ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಆರು, ಏಳನೆಯ ತರಗತಿಯ ಮಕ್ಕಳಿಗೆ ವಿಜ್ಞಾನವನ್ನು ಬೋಧಿಸುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ವಿಚಾರಣಾ ಗುರುಗಳು ನಮಗೆ ಅಪ್ಪಣೆ ಮಾಡಿರುವರು. ನಮ್ಮಿಂದಾದ ಒಂದು ತಪ್ಪನ್ನೇ ಮೊದಲು ನಿವೇದಿಸಿಕೊಳ್ಳುವೆವು.

ತಟ್ಟೆಯಲ್ಲಿ ನೀರು ಹಾಕಿ, ನಡುವೆ ಉರಿಯುವ ಮೇಣದಬತ್ತಿಯನ್ನು ನಿಲ್ಲಿಸಿ, ಅದರ ಮೇಲೆ ಗಾಜಿನ ಲೋಟವನ್ನು ಕವುಚಿದರೆ ಬತ್ತಿ ನಂದುವುದು, ನೀರು ಲೋಟದೊಳಗೆ ಏರುವುದು. ತಮ್ಮಲ್ಲಿ ಅನೇಕರು ಇದನ್ನು ಕಂಡಿರಬಹುದು. ಗಾಳಿಯಲ್ಲಿ ಐದನೆಯ ಒಂದು ಪಾಲು ಆಮ್ಲಜನಕ, ಅದು ಉರಿದುಹೋಯಿತು, ಆ ಜಾಗಕ್ಕೆ ನೀರು ಬಂದಿತು. ಹೀಗೆಂದು ನಾವು ವರ್ಷಗಟ್ಟಲೆ ಬರೆಯಿಸಿದೆವು. ಮಕ್ಕಳು ಬಾಯಿಪಾಠ ಮಾಡಿದರು, ಅಂಕಗಳೂ ದೊರೆತವು. ಒಮ್ಮೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಮೂರು ಬತ್ತಿ ಇಟ್ಟರೆ ನೀರು ಇನ್ನೂ ಮೇಲಕ್ಕೆ ಬರುತ್ತೆ. ಲೋಟದಲ್ಲಿರೋ ಗಾಳಿ ಅಷ್ಟೇ ಅಲ್ವಾ?” ಎಂದಳು. ಆಕೆ ಮನೆಯಲ್ಲಿ ಮಾಡಿ ನೋಡಿದ್ದಳು. (ಹಬ್ಬಕ್ಕೆ ತಂದು ಉಳಿದ ಬತ್ತಿಗಳಂತೆ!) ನಾವು ಗದರಿಸಿ ಕುಳ್ಳಿರಿಸಿದೆವು.

ಆ ಸಂಜೆ ಖಾಲಿ ತರಗತಿಯಲ್ಲಿ ನಾವೇ ಮಾಡಿ ನೋಡಿದೆವು. ಆಕೆ ಹೇಳಿದುದೇ ದಿಟ. ಉರಿಯ ಕಾವಿಗೆ ಗಾಳಿ ಹಿಗ್ಗಿ ಸ್ವಲ್ಪ ಹೊರಬೀಳುವುದು. ಲೋಟದ ಅಂಚಿನಲ್ಲಿ ಕೆಲವೊಮ್ಮೆ ಗುಳ್ಳೆಗಳೂ ಕಾಣುವವು. ಬತ್ತಿ ನಂದಿದೊಡನೆ ಉಳಿದ ಗಾಳಿ ತಣಿದು ಕುಗ್ಗುವುದು. ಆಗ ಹೊರಗಿನ ಗಾಳಿಯ ಒತ್ತಡವು ನೀರನ್ನು ಒಳಕ್ಕೆ ತಳ್ಳುವುದು. ಬತ್ತಿಗಳು ಹೆಚ್ಚಿದಷ್ಟೂ ಕಾವು ಹೆಚ್ಚು. ಆಮ್ಲಜನಕವಾದರೋ ಪೂರ್ತಿ ತೀರುವುದೇ ಇಲ್ಲ; ತೀರಿದ ಭಾಗಕ್ಕೆ ಬದಲಾಗಿ ಇಂಗಾಲದ ಡೈಆಕ್ಸೈಡ್ ಮೊದಲಾದವು ಹುಟ್ಟುವವು. ನೀರು ಬಹುಮಟ್ಟಿಗೆ ಬತ್ತಿ ನಂದಿದ ಮೇಲೆಯೇ ಏರುವುದನ್ನು ಅಷ್ಟು ವರ್ಷ ಕಣ್ಣೆದುರಿಗೆ ಕಂಡೂ ಕಾಣದೆ ಹೋಗಿದ್ದೆವು. ಮರುದಿನ ತರಗತಿಯ ಮುಂದೆ ತಪ್ಪೊಪ್ಪಿಕೊಂಡೆವು. ಪಾಪನಿವೇದನೆಗೆ ಮೊಣಕಾಲೂರುವುದು ಅದಕ್ಕಿಂತ ಸುಲಭವೆನಿಸಿತು.

ಹೀಗೆ ಪ್ರಶ್ನಿಸುವ ಮಗು ನಾಳೆ ವಿಶ್ವಾಸವನ್ನೂ ಪ್ರಶ್ನಿಸೀತೆಂದು ಕೆಲವು ಪಾಲಕರು ಅಂಜುವರು. ಬ್ರನೋ ನಗರದ ಅಗಸ್ಟೀನಿಯನ್ ಮಠದ ಗ್ರೆಗರ್ ಮೆಂಡೆಲರು ಯಾಜಕರು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಎರಡು ಬಾರಿ ತೇರ್ಗಡೆಯಾಗದಿದ್ದರೂ 1854ರಿಂದ 1868ರವರೆಗೆ ಶಾಲೆಯಲ್ಲಿ ಪಾಠ ಹೇಳಿದವರು. ಅವರು ಬಟಾಣಿ ಬೆಳೆದು, ಒಂದು ಪ್ರಯೋಗದಲ್ಲಿಯೇ 7,324 ಕಾಳುಗಳನ್ನೆಣಿಸಿ, ದುಂಡನೆಯವು 5,474, ಸುಕ್ಕುಗಟ್ಟಿದವು 1,850 ಎಂದು ಬರೆದಿಟ್ಟರು. 1865ರಲ್ಲಿ ಅವರು ಮಂಡಿಸಿದ ಇಂತಹ ಲೆಕ್ಕಗಳೇ ಅನುವಂಶೀಯ ಶಾಸ್ತ್ರಕ್ಕೆ ತಳಹದಿಯಾದವು. 1868ರಲ್ಲಿ ಅವರನ್ನು ಅದೇ ಮಠಕ್ಕೆ ಅಧಿಪತಿಗಳನ್ನಾಗಿ ಆರಿಸಲಾಯಿತು.

ಶಾಲೆಯಲ್ಲಿ ಉಪಕರಣಗಳಿಲ್ಲವೆಂಬ ದೂರು ಹಳೆಯದು, ಸುಳ್ಳೂ ಅಲ್ಲ. ಆದರೆ ಈ ಪಾಠಕ್ಕೆ ಬೇಕಾದುದು ತಮ್ಮ ಅಡುಗೆಮನೆಯಲ್ಲಿಯೇ ಇರುವುದು. ಮಗು ಬಂದು ತಟ್ಟೆ, ಲೋಟ ಕೇಳಿದರೆ ಗದರಿಸದೆ ಕೊಡಿರಿ. ಬೆಂಕಿಕಡ್ಡಿ ಗೀರುವಾಗ ಮಾತ್ರ ಹಿರಿಯರೊಬ್ಬರು ಪಕ್ಕದಲ್ಲಿರಲಿ.