ಮನೆಯವರ ಹೆಸರಿಗೆ ವಾರಂಟ್ ಬಂದರೆ
(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ವಾರಂಟಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಇಷ್ಟೇ. ಕೋರ್ಟಿನಿಂದ ಕಾಗದ ಬಂದ ದಿನ ಅದನ್ನು ಮನೆಯಲ್ಲಿ ಓದಿ ಹೇಳಬೇಕಾದವರು ನೀವು. ಅಬ್ಬಾಗೆ ಉರ್ದು ಮಾತ್ರ ಬರುತ್ತದೆ, ಅಮ್ಮಿಗೆ ಅದೂ ಅಷ್ಟಕ್ಕಷ್ಟೆ. ಪಿ.ಯು.ಸಿ. ಓದುತ್ತಿರುವ ಮಗಳ ಕೈಗೇ ಆ ಕಾಗದ ಬರುತ್ತದೆ. ಆದ್ದರಿಂದ ಇಂದಿನ ಮಾತು ಮುಖ್ಯವಾಗಿ ನಿಮಗೆ.

ಕೋರ್ಟಿನ ಪ್ರಕರಣಗಳಲ್ಲಿ ವಾರಂಟ್ ಸಾಮಾನ್ಯವಾಗಿ ಏಕಾಏಕಿ ಬರುವುದಿಲ್ಲ. ಚೆಕ್ ಬೌನ್ಸ್ ಪ್ರಕರಣವನ್ನೇ ತೆಗೆದುಕೊಳ್ಳಿ. ಅಣ್ಣ ವ್ಯಾಪಾರಕ್ಕೆಂದು ಸಾಲ ಪಡೆದು ಚೆಕ್ ಕೊಟ್ಟಿದ್ದಾನೆ, ಲಾರಿಯಲ್ಲಿ ಲೋಡು ಹಿಡಿದು ಊರೂರು ತಿರುಗುತ್ತಾನೆ. ಸಮನ್ಸ್ ಮನೆಗೆ ಬರುತ್ತದೆ. ಹಿಂದಿನ ಕಾನೂನಿನಲ್ಲಿ ಆತ ಸಿಗದಿದ್ದರೆ ಮನೆಯ ವಯಸ್ಕ ಗಂಡಸಿಗೆ ಅದನ್ನು ಕೊಡಬಹುದಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅವನೊಂದಿಗೆ ವಾಸವಿರುವ ಯಾವ ವಯಸ್ಕ ಸದಸ್ಯರಿಗಾದರೂ ಕೊಡಬಹುದು. ತಾಯಿಯೂ ಆಗಬಹುದು, ತಂಗಿಯೂ ಆಗಬಹುದು. "ಮನೆಯಲ್ಲಿ ಗಂಡಸರಿಲ್ಲ" ಎಂದು ಬಾಗಿಲು ಹಾಕಿಕೊಳ್ಳುವ ಕಾಲ ಮುಗಿಯಿತು.

ಆ ಕಾಗದ ಬೀರುವಿನ ಮೇಲೆ ಹೋಗಿ ಕುಳಿತರೆ ತೊಂದರೆ ಶುರುವಾಗುತ್ತದೆ. ವಾಯಿದೆಯ ದಿನ ಅಣ್ಣ ಹಾಜರಾಗುವುದಿಲ್ಲ. ಮೊದಲು ಸಮನ್ಸ್, ಆಮೇಲೆ ಜಾಮೀನು ಸಹಿತ ವಾರಂಟ್, ಅದಕ್ಕೂ ಬಾರದಿದ್ದರೆ ಜಾಮೀನು ರಹಿತ ವಾರಂಟ್ ಎಂಬ ಕ್ರಮವನ್ನು ಸುಪ್ರೀಂ ಕೋರ್ಟ್ 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ವಿವರಿಸಿದೆ. "ಜಾಮೀನು ರಹಿತ" ಎಂಬ ಮಾತು ಕೇಳಿ ಮನೆಮಂದಿ ಎದೆ ಒಡೆದುಕೊಳ್ಳುತ್ತಾರೆ. ಜಾಮೀನೇ ಸಿಗದು ಎಂದು ಅದರ ಅರ್ಥವಲ್ಲ. ಪೊಲೀಸರು ತಾವಾಗಿ ಬಿಡುವಂತಿಲ್ಲ, ಕೋರ್ಟಿಗೆ ಹಾಜರುಪಡಿಸಬೇಕು ಎಂದಷ್ಟೇ. ಚೆಕ್ ಬೌನ್ಸ್ ಅಪರಾಧವೇ ಜಾಮೀನು ಸಿಗುವಂಥದ್ದು.

ವಾರಂಟ್ ಇದೆಯಂತೆ ಎಂಬ ಸುದ್ದಿ ಬಂದರೆ ಮೊದಲು ನಿಜವೇ ಎಂದು ನೋಡಿ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹೆಸರು ಅಥವಾ 16 ಅಂಕಿ-ಅಕ್ಷರಗಳ ಸಿ.ಎನ್.ಆರ್. ಸಂಖ್ಯೆ ಹಾಕಿದರೆ ಪ್ರಕರಣದ ಸ್ಥಿತಿ ತಿಳಿಯುತ್ತದೆ. ತಂದೆಯ ಹೆಸರು, ವಿಳಾಸ ಎರಡನ್ನೂ ತಾಳೆ ನೋಡಿ. ಒಂದೇ ಮೊಹಲ್ಲಾದಲ್ಲಿ ನಾಲ್ಕು ಮಂದಿ ಮೊಹಮ್ಮದ್ ರಫೀಕ್ ಇರುತ್ತಾರೆ. ವಿಡಿಯೋ ಕರೆ ಮಾಡಿ ವಾರಂಟ್ ತೋರಿಸಿ "ಡಿಜಿಟಲ್ ಅರೆಸ್ಟ್" ಎಂದು ಹಣ ಕೇಳುವವನು ಕಳ್ಳ. ಅಂಥ ಬಂಧನ ಕಾನೂನಿನಲ್ಲಿಲ್ಲ, 1930ಕ್ಕೆ ದೂರು ಕೊಡಿ.

ವಾರಂಟ್ ನಿಜವಾಗಿದ್ದರೆ ವಕೀಲರ ಮೂಲಕ ರೀಕಾಲ್ ಅರ್ಜಿ ಹಾಕಿ, ಅಣ್ಣ ತಾನೇ ನ್ಯಾಯಾಧೀಶರ ಮುಂದೆ ನಿಲ್ಲುವುದು ಸರಿಯಾದ ದಾರಿ. ಬಾರದಿದ್ದುದಕ್ಕೆ ಕಾರಣ ಹೇಳಬೇಕು, ಆಸ್ಪತ್ರೆಯ ಚೀಟಿಯಂಥ ದಾಖಲೆ ಇದ್ದರೆ ಕೊಡಬೇಕು. ತಾನಾಗಿ ಬಂದವನಿಗೂ, ಹಿಡಿದು ತಂದವನಿಗೂ ಕೋರ್ಟಿನ ಕಣ್ಣಿನಲ್ಲಿ ವ್ಯತ್ಯಾಸವಿದೆ. ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಪ್ರಕರಣ ಮಹಿಳೆಯದಾದರೆ, ಅಥವಾ ಬಂಧನದಲ್ಲಿರುವವರದಾದರೆ, ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. "ಠಾಣೆಯಲ್ಲಿ ನಮ್ಮವರಿದ್ದಾರೆ, ಮುಗಿಸಿಕೊಡುತ್ತೇನೆ" ಎನ್ನುವ ಮಧ್ಯವರ್ತಿಗೆ ಕೊಟ್ಟ ಹಣ ನೀರಿಗೆ ಹಾಕಿದಂತೆ, ಏಕೆಂದರೆ ವಾರಂಟ್ ರದ್ದು ಮಾಡುವ ಅಧಿಕಾರ ಠಾಣೆಗಿಲ್ಲ.

ಅಜ್ಜಿಯ ಊರಿಗೆ ಕಳಿಸಿ ಬಚ್ಚಿಡುವುದು ನಮ್ಮ ಮನೆಗಳಲ್ಲಿ ಮೊದಲು ಹೊಳೆಯುವ ಉಪಾಯ. ಮರ್ಯಾದೆಯ ಭಯ, ಮಮತೆ ಎರಡೂ ಅದರ ಹಿಂದೆ ಇರುತ್ತವೆ. ಅದನ್ನು ಹಗುರವಾಗಿ ಹೇಳುತ್ತಿಲ್ಲ. ಆದರೆ ಬಂಧನಕ್ಕೆ ಆದೇಶವಾಗಿದೆ ಎಂದು ತಿಳಿದೂ ಅದನ್ನು ತಪ್ಪಿಸಲೆಂದೇ ಆಶ್ರಯ ಕೊಡುವುದು ಹಲವು ಪ್ರಕರಣಗಳಲ್ಲಿ ತಾನೇ ಅಪರಾಧ. ಅದರಿಂದ ವಿನಾಯಿತಿ ಇರುವುದು ಗಂಡನಿಗೆ ಅಥವಾ ಹೆಂಡತಿಗೆ ಮಾತ್ರ. ತಾಯಿಗಿಲ್ಲ, ಅಜ್ಜಿಗೂ ಇಲ್ಲ. ಮೇಲಾಗಿ ವಾರಂಟಿಗೆ ಹಳತಾಗುವುದೆಂಬುದಿಲ್ಲ. ಕೋರ್ಟ್ ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ಅದು ಜೀವಂತ. ಗಲ್ಫಿಗೆ ಹೋಗುವ ಆಸೆಯುಳ್ಳ ಹುಡುಗರು ಕೇಳಿಸಿಕೊಳ್ಳಿ: ವಾರಂಟ್ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು, ಇರುವುದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು.

ಪೊಲೀಸರು ಬಾಗಿಲಿಗೆ ಬಂದರೆ ಜಗಳ ಬೇಡ. ವಾರಂಟ್ ತೋರಿಸಿ ಎಂದು ವಿನಯದಿಂದ ಕೇಳಿ. ನ್ಯಾಯಾಧೀಶರ ಸಹಿ, ಕೋರ್ಟಿನ ಮುದ್ರೆ, ಪ್ರಕರಣದ ಸಂಖ್ಯೆ ನೋಡಿ ಬರೆದುಕೊಳ್ಳಿ. ಯಾವ ಠಾಣೆಗೆ, ಯಾವ ಕೋರ್ಟಿಗೆ ಎಂದು ಕೇಳಿ, ತಕ್ಷಣ ವಕೀಲರಿಗೆ ತಿಳಿಸಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಲೇಬೇಕು. ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುನ್ನ ಮಹಿಳೆಯನ್ನು ಬಂಧಿಸುವುದು ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದ ಮೇಲೆ.

ಕೊನೆಗೆ ಜಾಮೀನುದಾರರ ವಿಷಯ. ರೀಕಾಲ್ ಆಗುವಾಗ ಕೋರ್ಟ್ ಹೊಸದಾಗಿ ಶ್ಯೂರಿಟಿ ಕೇಳಬಹುದು. ಪಹಣಿ, ಆಧಾರ್, ಫೋಟೋ ಹಿಡಿದು ಚಿಕ್ಕಪ್ಪನೋ ಮಾವನೋ ಬರಬೇಕಾಗುತ್ತದೆ. ಸಹಿ ಹಾಕುವ ಮುನ್ನ ಅವರಿಗೆ ಬಾಂಡಿನ ಮೊತ್ತ ಓದಿ ಹೇಳಿ. ಅಣ್ಣ ಮತ್ತೆ ವಾಯಿದೆ ತಪ್ಪಿಸಿದರೆ ಆ ಹಣ ಕಟ್ಟಬೇಕಾದವರು ಅವರೇ.